ಬಾಯಿ ಮುಚ್ಚಿದ ಕೊಂಬು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು; ಮೊದಲೇ ಹೇಳಿಬಿಡುತ್ತೇನೆ. ಡೈರಿ ಬರೆಯುವ ಚಟದವಳು ನಾನು, ಆದರೆ ಆ ವಾರ ಏನೂ ಬರೆದಿಲ್ಲ. ಬರೆಯದೆ ಬಿಟ್ಟದ್ದು ಇಷ್ಟು ವರ್ಷಗಳಲ್ಲಿ ತನ್ನಷ್ಟಕ್ಕೆ ಬೆಳೆದಿರಲೂಬಹುದು.

ಮೊನ್ನೆ ಕುಂದಾಪುರದ ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಳ್ಳಲು ಕೂತಿದ್ದೆ. ಈ ವಯಸ್ಸಿನಲ್ಲಿ ಯಾಕೆ ಎಂದು ನೀವು ಕೇಳಬೇಡಿ, ಕನ್ನಡಿ ಆಗಲೇ ಕೇಳಿಯಾಗಿದೆ. ಕಾದ ಇಕ್ಕಳಕ್ಕೆ ಎಳೆಯೊಂದು ಸಿಕ್ಕಿ ಚುರ್ ಎಂದಿತು. ಆ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಿವಿ ನಿಮಿರಿತು. ವಾಸನೆಗೆ ಕಿವಿ ಯಾಕೆ ನಿಮಿರಬೇಕು? ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ಹಟ್ಟಿಯಂಗಡಿಯಿಂದ ಒಳಗೆ, ಗುಡ್ಡದ ಬುಡದಲ್ಲಿ ನನ್ನ ಅಜ್ಜಯ್ಯನ ಮನೆ. ಅಲ್ಲೊಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸೀಸದ ಚರೆ ಹಾಕಿ, ಸರಳಿನಿಂದ ಜಡಿದು, ಕಿಡಿ ಹಾರಿಸುವ ಪುಟ್ಟ ಕೇಪು ಇಟ್ಟು ಸಿಡಿಸುವಂಥದ್ದು. ಅಷ್ಟೆಲ್ಲ ಮುಗಿಯುವಾಗ ಗದ್ದೆಗೆ ನುಗ್ಗಿದ ಹಂದಿ ಉಂಡು ಮಲಗಿರುತ್ತದೆ ಎಂದು ಅಪ್ಪ ನಗುತ್ತಿದ್ದರು. ಚುನಾವಣೆ ಬಂತೆಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ. ನಾನು ಡಿಗ್ರಿ ಓದುತ್ತಿದ್ದ ತೊಂಬತ್ತೊಂಬತ್ತರಲ್ಲಂತೂ ಗದ್ದೆಯಲ್ಲಿ ತೆನೆ ಬಲಿಯುವ ಹೊತ್ತಿಗೇ ಕೋವಿ ಹೋಯಿತು. ಅಜ್ಜಯ್ಯನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಅದು ಮರಳುವುದರೊಳಗೆ ಹೊಸ ಚೀಲ, ಮದ್ದು ತುಂಬಿಡಲು ಹೊಸ ಕೊಂಬು ಮಾಡಿಡುತ್ತೇನೆಂದು ಹೊರಟರು.

ದಪ್ಪ ಚರ್ಮ, ದಬ್ಬಳ, ಮೇಣ ಸವರಿದ ದಾರ. ಚರೆಗೊಂದು ಕಿಸೆ, ಕೇಪಿಗೊಂದು, ನಾರಿಗೊಂದು. ಚರ್ಮದ ಸಾಮಾನು ಹೊಸ್ತಿಲು ದಾಟಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಹಾಗಾಗಿ ಕೆಲಸವೆಲ್ಲ ದನ ಕಟ್ಟುವ ಹಟ್ಟಿಯ ಮುಂದೆ, ನಮ್ಮ ಕೋಣ ಅಪ್ಪುವಿನ ಎದುರಿಗೇ. ತಪ್ಪಾದದ್ದು ಅಲ್ಲೇ ಇರಬೇಕು. ಯಾಕೆಂದರೆ ಕೊಂಬು ಕಾಳನದು. ಕಾಳ, ಅಪ್ಪು ಒಂದೇ ನೊಗದ ಜೋಡಿ. ಆ ಮಳೆಗಾಲದ ಸೋಣೆ ತಿಂಗಳಲ್ಲಿ ಕಾಳ ಸತ್ತಾಗ, ಹೂಳುವ ಮೊದಲು ಅಜ್ಜಯ್ಯ ಒಂದು ಕೊಂಬು ತೆಗೆದಿರಿಸಿಕೊಂಡಿದ್ದರು. ಅಂದಿನಿಂದ ಅಪ್ಪು ಹುಲ್ಲು ಮೂಸಿ ಬಿಡುತ್ತಿದ್ದ. ಪಕ್ಕೆಲುಬು ಎದ್ದಿದ್ದವು. ಇವನೂ ಉಳಿಯುವುದಿಲ್ಲ ಎಂದು ಎಲ್ಲರಿಗೂ ಅನ್ನಿಸಿತ್ತು, ಯಾರೂ ಆಡಿರಲಿಲ್ಲ.

ಕೊಂಬನ್ನು ಬೇಯಿಸಿ ಒಳಗಿನ ಎಲುಬು ಕಳಚಿ, ಗಾಜಿನ ಚೂರಿನಿಂದ ಹೆರೆದು, ತುದಿಗೆ ಕಾದ ಸರಳು ಚುಚ್ಚಿ ತೂತು ಮಾಡಿದರು. ಪಾರ್ಲರಿನದ್ದೇ ವಾಸನೆ. ಒಳಗಿನ ಬೂದಿ ಹಾರಿಸಲು ಅಜ್ಜಯ್ಯ ತೂತಿಗೆ ಬಾಯಿಟ್ಟು ಊದಿದರು.

ಹೊರಟದ್ದು ಕಾಳನ ದನಿ.

ಅಪ್ಪು ತಲೆಯೆತ್ತಿದ. ಓಗೊಟ್ಟ. ಆಮೇಲೆ ಬಗ್ಗಿ ಹುಲ್ಲಿಗೆ ಬಾಯಿ ಹಾಕಿದ.

"ಕಂಡ್ಯಾ ಹೆಣೆ! ಜೊತೆ ಸಿಕ್ಕದ್ದೇ ಹಸಿವಾಯ್ತ್ ಅದ್ಕೆ," ಎಂದು ಅಜ್ಜಯ್ಯ ನನ್ನತ್ತ ತಿರುಗಿ ನಕ್ಕರು.

ಅಪ್ಪನ ತಂಗಿ ಸುಮತಿ ಅತ್ತೆ ನಗಲಿಲ್ಲ. "ಅಪ್ಪಯ್ಯ, ಸತ್ತದ್ದ್ರ ಸ್ವರ ತೆಗಿಬೇಡಿ."

"ಎಂತ ಆತ್ತ್? ತಿಂತ್ ಅಲ್ದಾ!"

"ಇವತ್ತ್ ತಿಂತ್. ನಾಳೆ ನೀವ್ ಊದ್ದೇ ಇದ್ರೆ?"

ನಾನು ಓದಿದವಳು. ಗಾಳಿ, ಕೊಳವೆ, ಕಂಪನ ಎಂದೆಲ್ಲ ವಿವರಿಸಿದೆ. "ಹೌದಾ? ಹಂಗಾರೆ ಅದನ್ನ ಅಪ್ಪುಗೆ ಹೇಳ್," ಎಂದರು ಅತ್ತೆ.

ಪ್ರತಿ ಮುಸ್ಸಂಜೆ ಅಜ್ಜಯ್ಯ ಊದಿದರು, ಅಪ್ಪು ತಿಂದ. ಮತದಾನ ಮುಗಿಯಿತು. ಇನ್ನು ಕೋವಿ ಬರುತ್ತದೆ, ನಮ್ಮೂರಿನ ಥಂಡಿ ಮದ್ದಿಗೆ ಹಿಡಿಯಬಾರದು. ಅಜ್ಜಯ್ಯ ಕೊಂಬಿನ ಅಗಲದ ಬಾಯಿಗೆ ಹಲಸಿನ ಮರದ ಬಿಲ್ಲೆ ಜಡಿದು ಮೇಣ ಹೊಯ್ದರು, ತುದಿಗೆ ಬಿರಡೆ ಹಾಕಿದರು. ಕೊಂಬು ಮೂಕವಾಯಿತು. ಚೀಲದ ಜೊತೆ ಅದನ್ನು ಹಟ್ಟಿಯ ಕಂಬಕ್ಕೆ ತೂಗುಹಾಕಿದರು. ಆ ಸಂಜೆ ಅಪ್ಪು ಕಂಬವನ್ನೇ ನೋಡುತ್ತ ನಿಂತ. ಹುಲ್ಲು ಹಾಗೇ ಉಳಿಯಿತು. ಮಾರನೆಯ ಸಂಜೆಯೂ.

ಅದರ ಮರುದಿನ ಮುಸ್ಸಂಜೆ ಅಜ್ಜಯ್ಯ ಜಗಲಿಯಲ್ಲಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಹಟ್ಟಿಯ ಕಡೆಯಿಂದ ದನಿ ಬಂತು. ಉದ್ದಕ್ಕೆ, ತಗ್ಗು ಸ್ವರದಲ್ಲಿ, ಕಾಳನದೇ. ಎಲೆಯ ಮೇಲೆ ಅವರ ಬೆರಳು ನಿಂತಿತು. ನಂತರ ಅಪ್ಪುವಿನ ಓಗೊಡುವಿಕೆ.

ಅಜ್ಜಯ್ಯ ನಡೆದರು, ಹಿಂದೆ ನಾನು. ಕೊಂಬು ಕಂಬದಲ್ಲೇ ಇತ್ತು. ಬಿಲ್ಲೆ ಸರಿಯಿತ್ತು, ಬಿರಡೆ ಸರಿಯಿತ್ತು. ತುದಿ ಮುಟ್ಟಿದೆ, ಒದ್ದೆಯಿತ್ತು. ಅಥವಾ ಆ ಒದ್ದೆಯನ್ನು ನಾನು ಆಮೇಲೆ ಸೇರಿಸಿಕೊಂಡೆನೋ. ಅಪ್ಪು ಮಾತ್ರ ತಲೆ ತಗ್ಗಿಸಿ ಗರಗರ ತಿನ್ನುತ್ತಿದ್ದ.

"ತಿನ್ಲಿ, ಬಿಡ್," ಎಂದರು ಅಜ್ಜಯ್ಯ, ತೀರ ಮೆಲ್ಲಗೆ.

ಕೋವಿ ಬಂತು. ಅಷ್ಟು ಚಂದದ ಕೊಂಬಿಗೆ ಅವರು ಮದ್ದು ತುಂಬಲೇ ಇಲ್ಲ. ಹಳೆಯ ಪೌಡರ್ ಡಬ್ಬಿಯಲ್ಲೇ ಇಟ್ಟರು. ಯಾಕೆಂದು ಕೇಳಿದ್ದಕ್ಕೆ, "ಒಳ್ಗೆ ಜಾಗ ಇಲ್ಲೆ," ಎಂದರು. ಅಪ್ಪು ಮತ್ತೂ ಕೆಲವು ಮಳೆಗಾಲ ಬದುಕಿದ.

ದನಿ ಕೇಳಿದ ಆ ಸಂಜೆ ಅತ್ತೆ ಜಗಲಿಯಲ್ಲಿ ನನ್ನ ಪಕ್ಕ ಹೂ ಕಟ್ಟುತ್ತಿದ್ದರೆಂದು ಇಷ್ಟು ಕಾಲ ನಂಬಿದ್ದೆ. ಪಾರ್ಲರಿನ ಕುರ್ಚಿಯಲ್ಲಿ ಕಂಡದ್ದೇ ಬೇರೆ: ನಾವು ಹಟ್ಟಿಯಿಂದ ತಿರುಗುವಾಗ ಅತ್ತೆ ಬಾವಿಕಟ್ಟೆಯಲ್ಲಿ ಬಾಯಿ ಮುಕ್ಕಳಿಸುತ್ತಿದ್ದಾರೆ. ಬಾಯಿ ಮುಚ್ಚಿದ ಕೊಂಬು ಯಾರು ಊದಿದರೂ ನುಡಿಯದು. ಹಾಗಾದರೆ ಕೊಂಬಿಗೆ ಬಾಯಿಟ್ಟು ಸೋತು, ಕೈ ಬೊಗಸೆ ಮಾಡಿಕೊಂಡು, ಕಾಳನ ದನಿಯಲ್ಲಿ, ಅಪ್ಪು ಉಣ್ಣಲೆಂದು ಅತ್ತೆಯೇ ಕೂಗಿದರೇ? ನಾನು ಇಷ್ಟು ವರ್ಷ ಹೆದರಿದ್ದು ಬರೀ ಒಂದು ಅಕ್ಕರೆಗೋ?

ಅರ್ಧ ತಲೆ ನೇರ, ಅರ್ಧ ಗುಂಗುರಾಗಿಯೇ ಮುಸ್ಸಂಜೆ ಹೊತ್ತಿಗೆ ಕೋಟೇಶ್ವರದ ಅತ್ತೆಯ ಮನೆಗೆ ಹೋದೆ. ಆ ಚೀಲ ಈಗಲೂ ಅವರಲ್ಲಿದೆ, ಈಗಲೂ ಹೊಸ್ತಿಲ ಹೊರಗೆ, ಹೆಂಚಿನ ಮಾಡಿನಡಿಯ ಮೊಳೆಯಲ್ಲಿ. ಕೊಂಬು ಹೊರಗೆಳೆದು, ಬಿರಡೆ ತೆಗೆದು, ಸುಮ್ಮನೆ ತುಟಿಯ ಹತ್ತಿರ ತಂದೆ. ಅತ್ತೆ ಓಡಿಬಂದು ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಇನ್ನೊಂದು ಕೈಯಿಂದ ಕೊಂಬು ಕಸಿದುಕೊಂಡರು.

"ಬ್ಯಾಡ ಮಾರಾಯ್ತಿ! ಹೊತ್ತ್ ಕಂತುವತ್ತಿಗೆ!"

ತಾವೇ ಕೂಗಿದ್ದವರಾದರೆ ಕೊಂಬಿಗೆ ಇಷ್ಟು ಹೆದರುವುದು ಯಾಕೆ? ಬಾಯಿ ಮೇಲಿನ ಕೈಯನ್ನು ಮೆಲ್ಲಗೆ ಸರಿಸಿ ಕೇಳಿದೆ: "ಅತ್ತೆ, ಆ ದಿನ ನೀವ್ ಎಲ್ಲಿದ್ರಿ? ಜಗಲಿ ಮೇಲಾ, ಹಟ್ಟಿ ಒಳ್ಗಾ?"