ಕೆಂಪು ತುದಿ ಕೆತ್ತದ ಮಾಸ್ತರರು

ಮೊನ್ನೆ ಅಡುಗೆಮನೆಯ ಕಪಾಟು ಸರಿಮಾಡಲು ಬಂದ ಬಡಗಿ ಕಿವಿಯ ಮೇಲಿಂದ ಪೆನ್ಸಿಲ್ ತೆಗೆದು ಕೆತ್ತಿದ. ಒಂದು ತುದಿ ಕೆಂಪು, ಇನ್ನೊಂದು ನೀಲಿ. ಉದುರಿದ ಚೂರಿನ ವಾಸನೆ ಮೂಗಿಗೆ ಬಂತು. ನಾನು ಎದ್ದು ಬಾಲ್ಕನಿಗೆ ಹೋದೆ...

ಐವತ್ತರ ದಶಕದ ಮಾತು. ಮುಂಬಯಿಯ ಕುರ್ಲಾದಲ್ಲಿದ್ದ ನಮ್ಮ ಕನ್ನಡ ಹೈಸ್ಕೂಲಿಗೆ ಧಾರವಾಡದ ಕಡೆಯ ಮಾಸ್ತರರೊಬ್ಬರು ತರಬೇತಿ ಮುಗಿಸಿ ಬಂದರು. ಅವರ ಬಳಿಯೂ ಇಂಥದೇ ಪೆನ್ಸಿಲ್, ಆದರೆ ಕೆಂಪು ತುದಿಯನ್ನು ಅವರು ಕೆತ್ತಿಯೇ ಇರಲಿಲ್ಲ. ಕೆಂಪು ಕಂಡರೆ ಹುಡುಗರು ಬರೆಯುವುದಕ್ಕೇ ಹೆದರುತ್ತಾರೆ ಎನ್ನುತ್ತಿದ್ದರು. ನೋಟ್ಸ್ ಹೇಳಿ ಬರೆಸುವುದನ್ನು ನಿಲ್ಲಿಸಿದರು. ಉತ್ತರ ನಾವೇ ಬರೆಯಬೇಕು. ಅವರು ಪಕ್ಕದಲ್ಲಿ ನೀಲಿಯಲ್ಲಿ ಪ್ರಶ್ನೆ ಹಾಕುತ್ತಾರೆ. ನಾವು ಮತ್ತೆ ಬರೆಯಬೇಕು. ಶನಿವಾರ ಉಳಿದ ಮಾಸ್ತರರ ಮುಂದೆ ನಮ್ಮ ನೋಟ್‌ಬುಕ್ಕುಗಳನ್ನು ಹರಡುತ್ತಿದ್ದರು. ತಮ್ಮ ಪಾಠಕ್ಕೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ತಪ್ಪಿದ್ದರೆ ಹೇಳಿ ಎಂದು ಅವರನ್ನು ಕರೆಯುತ್ತಿದ್ದರು. ಇಪ್ಪತ್ತು ವರ್ಷ ಕಲಿಸಿದವರಿಗೆ ಇದು ಹಿಡಿಸಲಿಲ್ಲ. "ಇನ್ನು ನಾವೂ ಚಡ್ಡಿ ಹಾಕಿಕೊಂಡು ಬರಬೇಕೋ ಏನೋ" ಎಂದು ಗಣಿತದವರು ವರಾಂಡದಲ್ಲಿ ನಗುತ್ತಿದ್ದರು.

ನಮ್ಮ ಹೆದರಿಕೆ ಬೇರೆ. ಎಸ್.ಎಸ್.ಸಿ. ಪರೀಕ್ಷೆ ಹತ್ತಿರ ಬಂದಿತ್ತು. ಬೇರೆ ಶಾಲೆಯವರು ದಪ್ಪ ನೋಟ್ಸ್ ಬಾಯಿಪಾಠ ಮಾಡುತ್ತಿದ್ದರು. ನಮ್ಮ ಕೈಯಲ್ಲಿ ನಮ್ಮದೇ ಅರೆಬೆಂದ ಉತ್ತರಗಳು. ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ ಅಪ್ಪ, ಫೇಲಾದರೆ ನೀನೂ ಇದೇ ಕಾವಲಿ ಮುಂದೆ ನಿಲ್ಲು ಎಂದಿದ್ದರು. ಮಾಸ್ತರರ ಮೇಲೆ ಶಾಲೆಯ ಕಮಿಟಿಗೆ ಅರ್ಜಿ ಕೊಡೋಣ ಎಂದು ಹುಡುಗರು ಹೊರಟಾಗ, ಬರೆದವನು ನಾನು. ಮೂರು ಸಲ ತಿದ್ದಿ ಬರೆದೆ. ಬರೆಯುವಾಗ ಒಳಗೊಳಗೆ ಹಿಗ್ಗೂ ಇತ್ತು... ಅದನ್ನು ಇವತ್ತಾದರೂ ಒಪ್ಪಿಕೊಳ್ಳಬೇಕು.

ಕಮಿಟಿಯವರು ಮಾಸ್ತರರನ್ನು ಕರೆಸಿ, ನೋಟ್ಸ್ ಹೇಳಿ ಬರೆಸಿ, ಇಲ್ಲವೇ ಕೆಲಸ ಬಿಡಿ ಎಂದರು. ಸಹಿ ಹಾಕಿದ ನಾವೆಲ್ಲ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಮಾಸ್ತರರು ಅರ್ಜಿಯನ್ನು ನಿಧಾನವಾಗಿ ಓದಿದರು. ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಪೆನ್ಸಿಲ್ ತೆಗೆದು ಒಂದು ಸಾಲಿನ ಕೆಳಗೆ ನೀಲಿ ಗೆರೆ ಎಳೆದರು. ಅಕ್ಷರದ ಗುರುತು ಹಿಡಿದು ನನ್ನ ಕಡೆ ನೋಡಿದರು.

"ಛಲೋ ಬರದೀಯಪಾ. ಎಲ್ಲೂ ನೋಡಿ ಬರದದ್ದಲ್ಲ ಇದು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅರ್ಜಿ ವಾಪಸು ಕೊಡಿ ಎಂದು ಅಲ್ಲೇ ಕೇಳಬೇಕಿತ್ತು, ಉಳಿದ ಹುಡುಗರ ಹಿಂದೆ ಹೊರಗೆ ನಡೆದೆ. ಮರುದಿನ ಕಮಿಟಿಯ ಕಾರ್ಯದರ್ಶಿಗಳನ್ನು ಬೇಡಿಕೊಂಡೆ. "ಸಹಿ ಹಾಕಿ ಕೊಟ್ಟಾಯ್ತಲ್ಲ ಮಾರಾಯ, ಇನ್ನು ಅದು ನಮ್ಮ ಕಾಗದ" ಎಂದರು. ಆ ತಿಂಗಳ ಕೊನೆಗೆ ಮಾಸ್ತರರು ಹೋದರು. ಎಲ್ಲಿಗೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸಬರು ನೋಟ್ಸ್ ಹೇಳಿದರು, ನಾವು ಬರೆದುಕೊಂಡೆವು, ಪಾಸಾದೆವು.

ಆಮೇಲೆ ಮೂವತ್ತೈದು ವರ್ಷ ಗುಮಾಸ್ತನಾಗಿದ್ದೆ. ಸಾಹೇಬರು ಹೇಳಿದ್ದನ್ನು ಬರೆದೆ, ಹಳೆಯ ಫೈಲು ನೋಡಿ ಹೊಸ ಪತ್ರ ಬರೆದೆ. ನನ್ನದೇ ಎಂದು ಬರೆದದ್ದು ಆ ಅರ್ಜಿ ಒಂದೇ...

ಬಡಗಿ ಪೆನ್ಸಿಲ್ ಮರೆತು ಹೋಗಿದ್ದಾನೆ. ಇಷ್ಟನ್ನು ಬರೆದು, ಆ ಪೆನ್ಸಿಲನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದೇನೆ. ನೀಲಿ ತುದಿ ಚೂಪಾಗಿದೆ. ಗೆರೆ ಎಳೆಯುವವರು ಇಲ್ಲ.