ಸೊಲ್ಲು ಹಿಡಿಯುವವನು

ಕೂಡ್ಲಿಗಿಯ ನಮ್ಮ ಯುವಕರ ಜನಪದ ಮೇಳದಲ್ಲಿ ನಲವತ್ತು ಜನರಿದ್ದೆವು. ಹಾಡಿನ ಸಾಲು ಎತ್ತುವವನು ನಾನು. ಹಿಂದೆ ನಿಂತು, ಪ್ರತಿ ಸಾಲಿನ ಕೊನೆಗೆ ಮರಳಿ ಬರುವ ಸೊಲ್ಲು ಹಿಡಿಯುವವನು ನನ್ನ ಗೆಳೆಯ. ಒಮ್ಮೆಯಾದರೂ ಮುಂದೆ ಬಾರೋ ಅಂದರೆ ಕಿವಿಗೆ ಕೈಹಚ್ಚಿ, "ನೀ ಎತ್ತು ಲೇ, ನಾ ಹಿಡೀತೀನಿ" ಎನ್ನುತ್ತಿದ್ದ.

ಮೇಳ ಚದುರಿತು. ಕೆಲವರು ಆರ್ಕೆಸ್ಟ್ರಾ ಸೇರಿದರು, ಕೆಲವರು ಕ್ಯಾಸೆಟ್ಟಿಗೆ ಹಾಡಿದರು, ನಾನು ಹಡಗಲಿಯಲ್ಲಿ ಸಂಗೀತದ ಮೇಷ್ಟ್ರಾದೆ. ಅವನು ಕೊಟ್ಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟ.

ಎಷ್ಟೋ ವರ್ಷದ ಮೇಲೆ ಅಲ್ಲಿಗೆ ಹೋಗಿ, "ಲೇ, ನಮ್ಮ ಬೀಸೋಕಲ್ಲಿನ ಪದ ಹಾಡು" ಎಂದೆ. ಮಷೀನು ನಿಲ್ಲಿಸಿ ಕಿವಿಗೆ ಕೈಹಚ್ಚಿದ. ನಾನು ಎತ್ತುವ ಸಾಲಿನಷ್ಟು ಹೊತ್ತು ಬಿಟ್ಟು ಸೊಲ್ಲು ಹಾಡಿದ. ಮತ್ತೆ ಅಷ್ಟೇ ಹೊತ್ತು ಬಿಟ್ಟು, ಮತ್ತೆ ಸೊಲ್ಲು. ಕೊನೆಗೆ ನನ್ನತ್ತ ತಿರುಗಿ, "ನೀವು ಎತ್ರಿ ಸರ, ನಾ ಹಿಡೀತೀನಿ" ಎಂದ.

ಅವನ ಮಾತಿನಲ್ಲಿ 'ಲೇ' ಹೋಗಿ 'ರಿ' ಬಂದಿತ್ತು. ಸಾಲಂತೂ ನನಗೆ ಮರೆತೇಹೋಗಿತ್ತು.