ಉತ್ತರ ಗೋಡೆಯ ಕರಿಕಲ್ಲುಗಳು

ಎನಾಕ್ ಲಾರ್ಟರ್‌ನನ್ನು ನಾನು ಮೊದಲು ಕಂಡದ್ದು ಒಂದು ಮಂಗಳವಾರ ಬೆಳಗ್ಗೆ, ನಮ್ಮ ಬ್ರಾಮ್ಲಿಂಗ್ ಚರ್ಚಿನ ಗೇಟಿನಲ್ಲಿ. ನನ್ನ ಕೈಯಲ್ಲಿ ಮೇಣದಬತ್ತಿ ಬರುವ ಮರದ ಪೆಟ್ಟಿಗೆಯಿತ್ತು. ಅದರೊಳಗೆ ನನ್ನ ಮಗಳು. ಹುಟ್ಟುವಾಗಲೇ ಅವಳಿಗೆ ಉಸಿರಿರಲಿಲ್ಲ. ದೀಕ್ಷಾಸ್ನಾನ ಆಗದ ಕೂಸಿಗೆ ಪ್ರಾರ್ಥನೆಯೂ ಇಲ್ಲ, ಪವಿತ್ರ ನೆಲವೂ ಇಲ್ಲ ಎಂದು ಪಾದ್ರಿಮನೆಯಿಂದ ಹೇಳಿ ಕಳಿಸಿದ್ದರು.

ಗುಂಡಿ ತೋಡುವವನು, ಗಂಟೆ ಹೊಡೆಯುವವನು, ಗೋಡೆಗೆ ಗಾರೆ ಮೆತ್ತುವವನು, ಮೂರೂ ಎನಾಕ್‌ನೇ. ಅವನು ಪೆಟ್ಟಿಗೆಯ ಉದ್ದ ನೋಡಿದ.

"ಹೆಸರಿಟ್ಟಿದ್ದೀಯೇನಮ್ಮ?"

"ಇಡೋ ಹಾಗಿಲ್ವಂತೆ."

"ಯಾರಂದೋರು? ಮಗು ನಿಂದು, ಬಾಯಿ ನಿಂದು. ಹೇಳು."

"ಟ್ಯಾಬಿತಾ."

"ಹಾಂ. ಬಾ, ಟ್ಯಾಬಿತಾಗೆ ಜಾಗ ತೋರಿಸ್ತೀನಿ."

ಕರೆದುಕೊಂಡು ಹೋದದ್ದು ಉತ್ತರದ ಕಡೆಗೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಯಾರೂ ಸಮಾಧಿ ಬಯಸುವುದಿಲ್ಲ. ಚರ್ಚಿನ ಮಾಡು ಜೊಂಡಿನದು. ಸೂರಿನಿಂದ ಬಿದ್ದ ನೀರು ಗೋಡೆಯಿಂದ ಒಂದೂವರೆ ಅಡಿ ಆಚೆ ನೆಲವನ್ನು ಸಾಲಾಗಿ ಕೊರೆದಿತ್ತು. ಆ ಗೆರೆಯ ಮೇಲೆ ಹಿಮ್ಮಡಿ ಊರಿ ಅವನು ಅಂದ:

"ಈ ನೀರು ದೇವರ ಮನೆ ಮೇಲಿಂದ ಇಳಿದು ಬರುತ್ತೆ. ಮಳೆ ಬಂದಾಗಲೆಲ್ಲ ನಿನ್ನ ಮಗೂಗೆ ಸ್ನಾನವೇ. ಪಾದ್ರಿ ಒಂದ್ಸಲ ಮೂರು ಹನಿ ಹಾಕ್ತಾರೆ. ಇಲ್ಲಿ ಲೆಕ್ಕವೇ ಇಲ್ಲ."

ಗುಂಡಿ ಮುಚ್ಚಿದ ಮೇಲೆ ಒಂದು ಚಕಮಕಿ ಕಲ್ಲನ್ನು ಒಂದೇ ಏಟಿಗೆ ಒಡೆದ. ನಮ್ಮ ನಾರ್ಫೋಕ್ ಸೀಮೆಯಲ್ಲಿ ಕಟ್ಟಲು ಇರುವುದು ಅದೊಂದೇ ಕಲ್ಲು. ಮೂಲೆಗೆ ಕೂರಿಸುವಂಥ ಕಲ್ಲು ಸಿಗದೆ ಹಿರಿಯರು ಗೋಪುರವನ್ನೇ ದುಂಡಗೆ ಕಟ್ಟಿಬಿಟ್ಟಿದ್ದಾರೆ. ಹೊರಗೆ ಬಿಳಿ ಪೊರೆ, ಒಡೆದರೆ ಒಳಗೆ ಗಾಜಿನಂಥ ಕಪ್ಪು. ಗೋಡೆಯ ಬುಡದಿಂದ ಒಂದು ಬಿಳಿಕಲ್ಲು ಕಿತ್ತು, ಆ ಜಾಗದಲ್ಲಿ ಕರಿಮುಖ ಹೊರಗೆ ಬರುವಂತೆ ಅದನ್ನು ಕೂರಿಸಿದ. ಬಗ್ಗಿ ನೋಡಿದೆ. ಗೋಡೆಯುದ್ದಕ್ಕೂ ಅಂಥ ಕರಿಕಲ್ಲುಗಳಿದ್ದವು. ಅವನಪ್ಪ, ಅಜ್ಜ ಇಟ್ಟವೂ ಇದ್ದವು. ಆ ಗೋಡೆಯಲ್ಲಿ ಹಿಂದೆಂದೋ ಕಲ್ಲಿಟ್ಟು ಮುಚ್ಚಿದ ಒಂದು ಬಾಗಿಲಿದೆ, ನನ್ನದು ಅಲ್ಲಿಂದ ಏಳನೆಯದು. ನನಗೆ ಓದು ಅಷ್ಟಕ್ಕಷ್ಟೆ, ಆದರೆ ಆ ಗೋಡೆಯನ್ನು ಕಣ್ಣು ಮುಚ್ಚಿ ಓದಬಲ್ಲೆ.

ಹಳೆಯ ಪಾದ್ರಿ ನಿಯಮ ಹೇಳುತ್ತಿದ್ದರು, ಆಮೇಲೆ ಉತ್ತರದ ಕಡೆ ತಲೆ ಹಾಕುತ್ತಿರಲಿಲ್ಲ. ಅವರು ತೀರಿಕೊಂಡು ಸ್ವೇನ್ ಪಾದ್ರಿ ಬಂದರು. ಗೋಡೆಗೆ ಪಾಚಿ ಹಿಡಿದಿದೆ, ಬುಡ ನೆನೆದು ಕೊಳೆಯುತ್ತಿದೆ ಅಂದರು. ಅದು ಸುಳ್ಳಲ್ಲ. ಜೊಂಡು ತೆಗೆದು ಹಲಗೆಕಲ್ಲು ಹೊದಿಸಿ, ಸೂರಿಗೆ ಮಳೆನೀರು ಹಿಡಿಯುವ ಕಬ್ಬಿಣದ ದೋಣಿ ಕಟ್ಟಿ, ಗೋಡೆಯ ಬುಡದಲ್ಲಿ ಮೂರಡಿ ಆಳದ ಚರಂಡಿ ತೋಡಬೇಕೆಂದರು.

"ದಕ್ಷಿಣಕ್ಕೆ ನಾಳೆಯೇ ತೋಡ್ತೀನಿ," ಅಂದ ಎನಾಕ್. "ಉತ್ತರಕ್ಕೆ ಆಗಲ್ಲ ಸ್ವಾಮಿ. ಅಲ್ಲಿ ಮಕ್ಕಳಿದ್ದಾರೆ."

"ರಿಜಿಸ್ಟರಿನಲ್ಲಿ ಅಲ್ಲಿ ಯಾರೂ ಇಲ್ಲವಲ್ಲ."

"ನಿಮ್ಮ ರಿಜಿಸ್ಟರಿನಲ್ಲಿ ಇಲ್ಲ."

"ನೀನು ತೋಡದಿದ್ದರೆ ಸೋಮವಾರ ಪೇಟೆಯಿಂದ ಬೇರೆಯವರು ಬಂದು ತೋಡುತ್ತಾರೆ."

"ತೋಡಲಿ. ಮೊದಲು ಆ ಮಕ್ಕಳ ಅಮ್ಮಂದಿರನ್ನ ಎಬ್ಬಿಸಲಿ."

ಅಂದೇ ಅವನು ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ: "ಸೋಮವಾರ ನಿಮ್ಮ ಕಲ್ಲಿನ ಹತ್ತಿರ ಕೂತ್ಕೊಳ್ಳಿ."

ಸೋಮವಾರ ಪೇಟೆಯ ಕೂಲಿಯವರು ಗುದ್ದಲಿ ಹಿಡಿದು ಬಂದಾಗ ನಾವು ಹತ್ತೊಂಬತ್ತು ಹೆಂಗಸರು ಹಾಲು ಕರೆಯುವ ಮಣೆ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಒಬ್ಬೊಬ್ಬರು ಒಂದೊಂದು ಕಲ್ಲಿನ ಮುಂದೆ ಕೂತಿದ್ದೆವು. ಮಳೆ ಹಿಡಿಯಿತು. ಸೂರಿನ ನೀರು ನೇರ ನಮ್ಮ ಮೊಣಕಾಲಿನ ಮೇಲೆ. ಒಬ್ಬಳೂ ಏಳಲಿಲ್ಲ.

ಪಾದ್ರಿಯವರು ಅಮೋಸ್ ಗೆಡ್ಜ್‌ಗೆ ಹೇಳಿ ಕಳಿಸಿದರು. ಊರಿನ ದೊಡ್ಡ ರೈತ, ಚರ್ಚಿನ ಯಜಮಾನಿಕೆ ಅವನದು, ಹೊಸ ಮಾಡಿನ ಖರ್ಚೂ ಅವನದೇ. ಕೂಗಾಡುತ್ತಲೇ ಬಂದ. ಸಾಲಿನ ಕೊನೆ ತಲುಪಿದವನೇ ನಿಂತುಬಿಟ್ಟ. ಅಲ್ಲಿ ಅವನ ತಾಯಿ ಥರ್ಜ಼ಾ ಕೂತಿದ್ದಳು, ಎಂಬತ್ತೊಂದು ವರ್ಷ.

"ಅಮ್ಮಾ! ನೀನ್ಯಾಕೆ ಇಲ್ಲಿ? ಏಳು, ಶೀತ ಆಗುತ್ತೆ."

"ಆಗ್ಲಿ ಬಿಡು. ನಿಮ್ಮಣ್ಣನ ಹತ್ರ ಕೂತಿದ್ದೀನಿ."

"ನನಗ್ಯಾವ ಅಣ್ಣ?"

"ನಿನಗಿಂತ ಎರಡು ವರ್ಷ ದೊಡ್ಡವನು. ನಿಮ್ಮಪ್ಪ ಬಾಯಿ ಬಿಡಬೇಡ ಅಂದ್ರು, ಬಿಡಲಿಲ್ಲ. ಈಗ ಅವರಿಲ್ಲ, ಬಿಟ್ಟಿದ್ದೀನಿ. ಟೋಪಿ ತೆಗಿಯೋ. ಹಿರಿಯನ ಮುಂದೆ ನಿಂತಿದ್ದೀಯ."

ಅಮೋಸ್ ಮಳೆಯಲ್ಲೇ ಟೋಪಿ ತೆಗೆದ. ಬಗ್ಗಿ ಆ ಕಲ್ಲನ್ನು ಮುಟ್ಟಿದ. ಕೂಲಿಯವರ ಕಡೆ ತಿರುಗಿ, "ಮನೆಗೆ ಹೋಗಿ," ಅಂದ.

ಅದಕ್ಕೇ ಇವತ್ತಿಗೂ ನಮ್ಮ ಚರ್ಚಿಗೆ ದಕ್ಷಿಣಕ್ಕೆ ಹಲಗೆಕಲ್ಲು, ದೋಣಿ, ಕೊಳವೆ. ಉತ್ತರಕ್ಕೆ ಬರೀ ಜೊಂಡು. ಅರ್ಧ ಕ್ಷೌರ ಮಾಡಿಸಿಕೊಂಡವನ ಹಾಗಿದೆ ಎಂದು ಪಕ್ಕದೂರಿನವರು ನಗುತ್ತಾರೆ. ನಗಲಿ. ಉತ್ತರ ಗೋಡೆಯ ಪಾಚಿಯನ್ನು ವರ್ಷಕ್ಕೆರಡು ಸಲ ನಾವೇ ಕೆರೆಯುತ್ತೇವೆ.

ಸ್ವೇನ್ ಪಾದ್ರಿ ಮರೆಯಲಿಲ್ಲ. ಮುಂದಿನ ಭಾನುವಾರ ಎನಾಕ್‌ನಿಂದ ಚರ್ಚಿನ ಬೀಗದ ಕೈ ಕಿತ್ತುಕೊಂಡು ಕೆಲಸದಿಂದ ತೆಗೆದರು. ತಪ್ಪಾಯಿತು ಅಂದರೆ ಗಂಟೆಯ ಕೆಲಸವನ್ನಾದರೂ ನಿನಗೇ ಉಳಿಸುತ್ತೇನೆ ಅಂದರು. "ತಪ್ಪೇ ಆಗಿಲ್ಲವಲ್ಲ ಸ್ವಾಮಿ," ಅಂದ ಎನಾಕ್. ಹನ್ನೊಂದು ವರ್ಷ ಊರವರ ಹಂದಿದೊಡ್ಡಿಗೆ ಗೋಡೆ ಕಟ್ಟಿ ಬದುಕಿದ. ಹೊಸದಾಗಿ ಬಂದ ಗುಂಡಿ ತೋಡುವವನು ದೀಕ್ಷೆಯಾಗದ ಕೂಸುಗಳನ್ನು ಮುಟ್ಟುತ್ತಿರಲಿಲ್ಲ. ತಾಯಂದಿರು ಎನಾಕ್‌ನ ಬಾಗಿಲಿಗೇ ಬರುತ್ತಿದ್ದರು. ಬೀಗದ ಕೈ ಇಲ್ಲದೆಯೂ ಉತ್ತರ ಗೋಡೆಯ ಹತ್ತಿರ ಹೋಗಬಹುದಲ್ಲ. ಅಷ್ಟು ಹೊತ್ತಿಗೆ ನನ್ನ ಗಂಡ ತೀರಿಹೋಗಿದ್ದರು. ಗಾರೆಯ ಬುಟ್ಟಿ ನಾನು ಹೊರುತ್ತಿದ್ದೆ.

ಕೊನೆಗೆ ಅವನ ಕೈ ನಡುಗತೊಡಗಿತು. ಏಟು ತಪ್ಪಿ ಕಲ್ಲು ಪುಡಿಯಾಗುತ್ತಿತ್ತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಹಾಸಿಗೆಯಲ್ಲಿದ್ದವನು, ದಿಂಬಿನ ಕೆಳಗಿನಿಂದ ಕಲ್ಲೊಡೆಯುವ ಸುತ್ತಿಗೆ ತೆಗೆದು ನನ್ನ ಮಡಿಲಲ್ಲಿ ಇಟ್ಟ.

"ಹೆಂಗಸರ ಕೈಗೆ ಇದನ್ನ ಕೊಟ್ರೆ ಆ ಪಾದ್ರಿ ಏನಂತಾರೆ?" ಅಂದೆ.

"ಅನ್ಲಿ. ಅನ್ನೋದು ಅವರ ಕೆಲಸ." ಉಸಿರು ಎಳೆದುಕೊಂಡು, ಶಾಲೆಯ ಮೇಷ್ಟರ ಹಾಗೆ ನನ್ನನ್ನೇ ದುರುಗುಟ್ಟಿ ನೋಡಿದ. "ಗಾರೆಗೆ ಸುಣ್ಣ ಎಷ್ಟು ದಿನ ನೆನೆಸ್ಬೇಕು, ಹೇಳು ನೋಡೋಣ?"